ಸೈಜ್ ಹೇಳಿ ಸಾರ್

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಅಟ್ಟ ಹತ್ತಿ ನೋಡಿದರೆ ಬೊಂಬೆ ಪೆಟ್ಟಿಗೆ, ಹಿತ್ತಾಳೆ ಹಂಡೆಗಳ ಜೊತೆಗೆ ಒಂದು ವ್ಯಾಕ್ಯೂಮ್ ಕ್ಲೀನರ್ ಕೂಡ ಕೂತಿರುತ್ತದೆ. ಎಂಬತ್ತು-ತೊಂಬತ್ತರ ದಶಕದಲ್ಲಿ ಟೈ ಕಟ್ಟಿದ ಹುಡುಗರು ಮನೆಮನೆಗೂ ಬಂದು, ನಮ್ಮದೇ ಹಾಸಿಗೆಯಿಂದ ಧೂಳೆಳೆದು ತೋರಿಸಿ, ಮರ್ಯಾದೆ ಕಳೆದು ಮಾರಿಹೋದ ಯಂತ್ರಗಳಿವು. ರೆಡ್ ಆಕ್ಸೈಡ್ ನೆಲದ ಮೇಲೆ ಪೊರಕೆಯೆದುರು ಸೋತು ಅಟ್ಟ ಸೇರಿದವು. ದುಡಿದದ್ದು ಕಡಿಮೆಯಾದ್ದರಿಂದ ಸವೆದದ್ದೂ ಕಡಿಮೆ. ನನ್ನಂಥ ರಿಪೇರಿ ಹುಚ್ಚರಿಗೆ ಇದೇ ಭಾಗ್ಯ.

ಬಿಚ್ಚಿದರೆ ಒಳಗಿರುವುದು ಮಿಕ್ಸಿಯ ಜಾತಿಯದೇ ಮೋಟಾರು. ಕಮ್ಯುಟೇಟರಿಗೆ ಒತ್ತಿ ನಿಂತ ಎರಡು ಕಾರ್ಬನ್ ತುಂಡುಗಳು ಉಜ್ಜಿ ಉಜ್ಜಿ ಸವೆಯುತ್ತವೆ. ಸತ್ತಿತೆಂದು ಅಟ್ಟಕ್ಕೆ ಹಾಕಿದ ಎಷ್ಟೋ ಯಂತ್ರಗಳಿಗೆ ಬೇಕಿದ್ದದ್ದು ಹೊಸ ಕಾರ್ಬನ್, ಅಷ್ಟೇ. ಮೋಟಾರಿನ ಸದ್ದನ್ನು ಓದುವುದೂ ಒಂದು ವಿದ್ಯೆ. ಪೈಪ್ ಕಟ್ಟಿಕೊಂಡಾಗ ಮೋಟಾರು ಕೀಚಲು ದನಿ ತೆಗೆಯುತ್ತದೆ. ‘ಪಾಪ, ಎಷ್ಟು ಕಷ್ಟಪಡ್ತಿದೆ’ ಎನ್ನುತ್ತಾರೆ ಮನೆಯವರು. ಎಳೆಯಲು ಗಾಳಿಯೇ ಇಲ್ಲದೆ ಫ್ಯಾನಿಗೆ ಕೆಲಸ ತಪ್ಪಿ ವೇಗ ಏರಿರುತ್ತದೆ, ಅಷ್ಟೇ. ಕೆಲಸವಿಲ್ಲದವರ ಗದ್ದಲವೇ ಜೋರು. ಆಫೀಸಿನಲ್ಲಿ ಸವೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಪೈಪ್ ಕಟ್ಟಿದ ಯಂತ್ರವನ್ನು ಓಡಲು ಬಿಡಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಮೋಟಾರನ್ನು ತಣ್ಣಗಿಡುವುದೂ ಅದೇ ಗಾಳಿ.

ಬಿಡಿಭಾಗಕ್ಕೆ ಎಸ್.ಪಿ. ರೋಡ್. ಇಂಥ ಕಂಪನಿ, ಇಂಥ ಮಾಡೆಲ್ ಎಂದು ಕೇಳಿದರೆ ಯಾರೂ ತಲೆಯೆತ್ತುವುದಿಲ್ಲ. ಹಳಬರೊಬ್ಬರು ಒಮ್ಮೆ, “ಕಂಪನಿ ಹೆಸರು ಕಟ್ಕೊಂಡು ನನಗೇನ್ ಸಾರ್, ಸೈಜ್ ಹೇಳಿ” ಎಂದರು. ಅಂದಿನಿಂದ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್. ಒಳಗೆ 8 ಮಿ.ಮೀ., ಹೊರಗೆ 22, ದಪ್ಪ 7 ಇದ್ದರೆ ಆ ಬೇರಿಂಗು 608. ಜಗತ್ತಿನ ಯಾವ ಬೇರಿಂಗ್ ಅಂಗಡಿಯಲ್ಲೂ ಅದೇ ಹೆಸರು. ಮಕ್ಕಳ ಸ್ಕೇಟಿಂಗ್ ಚಕ್ರದಲ್ಲೂ ಅದೇ ಅಳತೆ. ಆದರೆ ಅದನ್ನು ಕಿತ್ತು ಇಲ್ಲಿ ಕೂರಿಸುವ ಜಾಣತನ ಬೇಡ, ಮೋಟಾರಿನ ವೇಗಕ್ಕೂ ಬಿಸಿಗೂ ತಡೆಯುವಂಥದ್ದನ್ನೇ ಕೇಳಿ ತನ್ನಿ. ಕಾರ್ಬನ್ ಕೊಂಚ ದಪ್ಪವಾದದ್ದೇ ಸಿಕ್ಕಲಿ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಸಮನಾಗಿ ಉಜ್ಜುತ್ತ ಬಂದರೆ, ಗೂಡಿನಲ್ಲಿ ಸಲೀಸಾಗಿ ಜಾರುವ ಹದಕ್ಕೆ ಬರುತ್ತದೆ. ಬೆರಳೆಲ್ಲ ಕಾಡಿಗೆ.

ಧೂಳು ಹಿಡಿಯುವ ಚೀಲ ಹರಿದಿದ್ದರೆ ದಟ್ಟ ನೇಯ್ಗೆಯ ಬಟ್ಟೆ ಹಿಡಿದು ಟೈಲರ್ ಹತ್ತಿರ ಹೋಗುತ್ತೇನೆ. ಇದರಲ್ಲಿ ಅವಮಾನವೇನಿಲ್ಲ. ಅಮೆರಿಕದ ಓಹಾಯೋದಲ್ಲಿ ಅಂಗಡಿಯ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್, ಉಬ್ಬಸ ತಾಳಲಾರದೆ ತನ್ನ ಯಂತ್ರ ಕಟ್ಟಿದಾಗ ಅದಕ್ಕೆ ಸಿಕ್ಕಿಸಿದ್ದು ದಿಂಬಿನ ಕವರನ್ನು. 1908ರಲ್ಲಿ ಪೇಟೆಂಟ್ ಬಂತು. ಅದನ್ನು ಕೊಂಡ ಚರ್ಮದ ಸಾಮಾನಿನ ವ್ಯಾಪಾರಿ ಹೂವರ್‌ನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಗುಡಿಸುತ್ತಿದ್ದವನ ಹೆಸರು ಯಾರಿಗೆ ಬೇಕು!

ನಿಜವಾದ ತಲೆನೋವು ಪ್ಲಾಸ್ಟಿಕ್. ಮುಚ್ಚಳ ಹಿಡಿಯುವ ಕ್ಲಿಪ್ಪು, ಹೋಸಿನ ತುದಿಯ ಬಳೆ, ಇವಕ್ಕೆ 608ರಂಥ ನಂಬರಿಲ್ಲ. ಇನ್ನೊಂದು ಸತ್ತ ಯಂತ್ರದಿಂದಲೇ ಕೀಳಬೇಕು. ಅದಕ್ಕೇ ಭಾನುವಾರ ಬೆಳಿಗ್ಗೆ ಹಳೇ ಸಾಮಾನಿನ ಸಂಡೇ ಬಜಾರ್ ಸುತ್ತುವುದು. ಮೊನ್ನೆ ಬರೀ ಕ್ಲಿಪ್ಪಿಗೆಂದು ಒಂದನ್ನು ತಂದೆ. ಬಿಚ್ಚುವ ಮುನ್ನ ಪ್ಲಗ್ಗಿಗೆ ಹಾಕಿದರೆ, ಅದು ಗುಂಯ್ ಎಂದಿತು. ಚೆನ್ನಾಗಿರುವುದನ್ನು ಬಿಚ್ಚಲು ಕೈ ಬರಲಿಲ್ಲ. ಅದಕ್ಕೊಂದು ಹೋಸ್ ಇಲ್ಲ, ಅಷ್ಟೇ. ಬರುವ ಭಾನುವಾರ ನೋಡಬೇಕು.