ಜೀಪಿಗಿಂತ ಮುಂಚೆ ಬರುವವನು

ನಮ್ಮ ಬಯಲುಸೀಮೆಯ ಹಳ್ಳಿಗಳಿಗೆ ಹೊರದೇಶದ ತಜ್ಞರು ಬರುವುದು ಹೆಚ್ಚಾಗಿ ದೀಪಾವಳಿ ಕಳೆದ ಮೇಲೆ. ಮಳೆ ನಿಂತಿರುತ್ತದೆ, ರಾಗಿ ತೆನೆ ಬಾಗಿರುತ್ತದೆ, ಜೀಪು ಹೂತುಕೊಳ್ಳುವ ಭಯವಿಲ್ಲ. ಹೀಗೆ ಹವೆ ನೋಡಿಕೊಂಡು, ಟಾರು ರಸ್ತೆ ಬಿಟ್ಟಿಳಿಯದೆ ಬಡತನದ ದರ್ಶನ ಮಾಡಿ ಹೋಗುವವರನ್ನು ಇಂಗ್ಲೆಂಡಿನವರೇ ಆದ ರಾಬರ್ಟ್ ಚೇಂಬರ್ಸ್ 1983ರ ತಮ್ಮ ಪುಸ್ತಕದಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ. ತಮ್ಮವರನ್ನು ತಾವೇ ಆಡಿಕೊಳ್ಳುವುದು ದೊಡ್ಡ ಗುಣ, ಅಲ್ಲವೆ? ನಾವಾಗಿದ್ದರೆ... ಹೋಗಲಿ ಬಿಡಿ.

ನಾನು ಹೇಳಹೊರಟದ್ದು ಜೀಪಿನವರ ವಿಷಯವಲ್ಲ. ಜೀಪಿಗಿಂತ ಮುಂಚೆ ಬಂದಿರುತ್ತಾನಲ್ಲ, ಸ್ವಯಂಸೇವಾ ಸಂಸ್ಥೆಯ ಹುಡುಗ, ಅವನದು. ಒಂದು ಮೊಪೆಡ್ಡು, ಹೆಗಲಿಗೊಂದು ಚೀಲ, ಅದರಲ್ಲಿ ಸಂಘದ ನಡಾವಳಿ ಪುಸ್ತಕ. ಗೌಡರ ಮನೆಗೆ ಮೊದಲು ಹೋಗದಿದ್ದರೆ ಗೌಡರಿಗೆ ಸಿಟ್ಟು. ಗೌಡರ ಜಗಲಿಯಲ್ಲೇ ಸಭೆ ಇಟ್ಟರೆ ಕಾಲೋನಿಯವರು ಈ ಕಡೆ ತಲೆಹಾಕುವುದಿಲ್ಲ. ಹಾಗಾಗಿ ಕಾಫಿ ಗೌಡರಲ್ಲಿ, ಸಭೆ ಶಾಲೆಯ ಮುಂದೆ. ಇಂಥದ್ದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಬಂದರೆ ಗೌಡರು ಓದಿಬಿಟ್ಟಾರು!

ಶಾಲೆಯ ಮುಂದೆ ನಡೆಯುವುದು ರಂಗೋಲಿ. ಊರಿನ ನಕ್ಷೆಯನ್ನು ಊರವರಿಂದಲೇ ಬರೆಸುವ ಈ ಪದ್ಧತಿಯನ್ನು 1990ರ ಆಸುಪಾಸಿನಲ್ಲಿ ರೂಢಿಗೆ ತಂದವರಲ್ಲಿ ಚೇಂಬರ್ಸ್ ಜೊತೆ ನಮ್ಮ ಮೈರಾಡ ಸಂಸ್ಥೆಯವರೂ ಇದ್ದರು. ಹೆಂಗಸರು ಬಗ್ಗಿ ನೀಲಿ ಪುಡಿಯಲ್ಲಿ ಕೆರೆ ಬಿಡಿಸುತ್ತಾರೆ, ಇಟ್ಟಿಗೆ ಪುಡಿಯಲ್ಲಿ ರಸ್ತೆ, ಮನೆಗೊಂದು ಜೋಳದ ಕಾಳು. ಕೈಕಟ್ಟಿ ನಿಂತ ಗಂಡಸರಲ್ಲೊಬ್ಬ, "ಕೆರೆ ಅಷ್ಟು ದೊಡ್ಡದೆಲ್ಲೈತೆ ಕಣಕ್ಕ, ಅರ್ಧ ಒತ್ತುವರಿ ಆಗೋಗೈತೆ" ಅನ್ನುತ್ತಾನೆ. ಒತ್ತುವರಿ ಮಾಡಿದವನೂ ಪಕ್ಕದಲ್ಲೇ ನಿಂತು ಹೌದು ಹೌದೆಂದು ತಲೆಯಾಡಿಸುತ್ತಾನೆ. ಅಷ್ಟರಲ್ಲಿ ಕೋಳಿಯೊಂದು ನುಗ್ಗಿ ಎರಡು ಮನೆ ನುಂಗಿಹಾಕುತ್ತದೆ. ಹುಡುಗ ಕೋಳಿ ಅಟ್ಟಿ, ಕಾಳು ಮತ್ತೆ ಇಡುತ್ತಾನೆ. ಸಂತೆಯಲ್ಲಿ ಕೊಂಡ ರಂಗೋಲಿ ಪುಡಿಗೆ ಬಿಲ್ಲೆಲ್ಲಿ ಎಂದು ಆಡಿಟರು ಆಮೇಲೆ ಕೇಳಿದಾಗ ಉತ್ತರ ಕೊಡಬೇಕಾದವನೂ ಅವನೇ.

ಮೈರಾಡ ಅಂದೆನಲ್ಲ, ಅದು 1968ರಲ್ಲಿ ಹುಟ್ಟಿದ್ದು ಟಿಬೆಟಿನಿಂದ ಬಂದವರಿಗೆ ನೆಲೆ ಕಟ್ಟಿಕೊಡಲು. ಹಳ್ಳಿಗಳ ಉಸಾಬರಿ ಆಮೇಲಿನದು. ಎಂಬತ್ತರ ದಶಕದ ನಡುವೆ ಅದು ಕಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಯಾಕೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೆ? ಸಾಲ ಪಡೆದವರು ಸಣ್ಣ ಸಣ್ಣ ಗುಂಪಾಗಿ ಬಂದು, ದುಡ್ಡು ನಿಮಗೆ ಕಟ್ಟುತ್ತೇವೆ, ಸಂಘಕ್ಕೆ ಮಾತ್ರ ಇಲ್ಲ ಅಂದರು. ಬೇರೆ ಯಾರಾದರೂ ಆಗಿದ್ದರೆ ನೋಟಿಸು ಜಾರಿಯಾಗುತ್ತಿತ್ತು. ಇವರು, ಹಾಗಾದರೆ ಆ ದುಡ್ಡು ನಿಮ್ಮ ಗುಂಪಲ್ಲೇ ಇರಲಿ, ನೀವೇ ನಡೆಸಿ ಅಂದರು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಈಗ ಸ್ವಸಹಾಯ ಸಂಘ ಇಲ್ಲದ ಊರು ತೋರಿಸಿ ನೋಡೋಣ!

ಸಾಲ ಅಂದಾಗ ನೆನಪಾಯಿತು. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ನಮ್ಮ ಕೆರೆಗಳನ್ನು ದುರಸ್ತಿ ಮಾಡುವ ಜಲ ಸಂವರ್ಧನೆ ಯೋಜನೆ ಬಂತು. ಕೆರೆಯ ಮಾತು ಬಂದರೆ ನೀರುಗಂಟಿ ಬರಬೇಕು. ತೂಬು ಎಷ್ಟು ಎತ್ತಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು, ರಾತ್ರಿ ಹೊತ್ತು ಬದು ಒಡೆಯುವ ಪುಣ್ಯಾತ್ಮ ಯಾರು, ಎಲ್ಲಾ ಅವನಿಗೆ ಬಾಯಿಪಾಠ. ಕನ್ಸಲ್ಟೆಂಟ್ ಎಂದು ಕರೆದಿದ್ದರೆ ದಿನಕ್ಕೆಷ್ಟು ಕೊಡಬೇಕಾಗುತ್ತಿತ್ತೋ! ಅವನಿಗೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಕಣದ ಮೇಲೆ ಅಳೆದುಕೊಟ್ಟ ಧಾನ್ಯ. ಬೋರ್‌ವೆಲ್ ಬಂದ ಮೇಲೆ ಅದನ್ನು ಅಳೆಯುವ ಕೈಗಳೂ ಕಡಿಮೆಯಾದವು. ಬೋರ್‌ವೆಲ್ಲಿನ ಕತೆ ತೆಗೆದರೆ ಮಾತ್ರ ನಿಮ್ಮನ್ನು ಊಟಕ್ಕೂ ಇಲ್ಲೇ ಕೂರಿಸಿಕೊಳ್ಳಬೇಕಾಗುತ್ತದೆ.