ಮುಂಬಯಿಯ ಮೊದಲ ರಾತ್ರಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಕುಂದಾಪುರದ ಹುಡುಗನೊಬ್ಬ ಅಪ್ಪ, ಅಮ್ಮನೊಡನೆ ಮುಂಬಯಿಗೆ ಹೋಗಿದ್ದ. ಮಾಟುಂಗದಲ್ಲಿ ಸೋದರಮಾವನ ಮನೆ. ಕೊಂಕಣ ರೈಲಿನ ಸುರಂಗಗಳನ್ನು ಎಣಿಸುತ್ತಾ ಹುರುಪಿನಿಂದ ಬಂದವನು ಮೊದಲ ರಾತ್ರಿಯೇ ಹಾಸಿಗೆಯಲ್ಲಿ ಎದ್ದು ಕುಳಿತ. ಕೆಳಗೆ ರಸ್ತೆ, ಆಚೆಗೆ ರೈಲು ಹಳಿ. ಕೊನೆಯ ಲೋಕಲ್ ಹೋದದ್ದು ನಡುರಾತ್ರಿ ಕಳೆದ ಮೇಲೆ. ನಸುಕಿನ ನಾಲ್ಕರ ಸುಮಾರಿಗೆ ಮತ್ತೆ ಹಳಿಯ ಸದ್ದು. ಎರಡನೆಯ ದಿನ ದಾದರ್ ನಿಲ್ದಾಣದಲ್ಲಿ ಗಾಡಿ ನಿಂತದ್ದು ಅರ್ಧ ನಿಮಿಷವೂ ಇರಲಾರದು. ಹತ್ತುವವರೂ ಇಳಿಯುವವರೂ ಒಂದೇ ಬಾಗಿಲಲ್ಲಿ! ಜನರೇ ಅವನನ್ನು ಒಳಗೆ ತಳ್ಳಿದರು, ಇಳಿಯುವಾಗ ಹೊರಗೂ ತಳ್ಳಿದರು. ಸಂಜೆ ಅನ್ನ ಸೇರಲಿಲ್ಲ. ಅಮ್ಮನ ಬಳಿ ಮೆಲ್ಲಗೆ, ‘ಊರಿಗ್ ಹೋಪ’ ಎಂದ.

ಅಪ್ಪನಿಗೆ ಸಿಟ್ಟು ಬಂತು. ಇಷ್ಟು ಖರ್ಚು ಮಾಡಿ ಬಂದದ್ದು ಮೂಲೆಯಲ್ಲಿ ಕೂರಲಿಕ್ಕೆಯೇ? ನಾಳೆ ಕಾಲೇಜಿಗೆ ದೂರದ ಊರಿಗೆ ಕಳಿಸಿದರೆ ಇವನ ಗತಿ ಏನು? ಹುಡುಗನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು. ತಾನು ಯಾವುದಕ್ಕೂ ಬಾರದವನೆಂದು ಅವನಿಗೆ ಆಗಲೇ ಅನ್ನಿಸತೊಡಗಿತ್ತು.

ಇದು ಪುಕ್ಕಲುತನವೇ? ಅಲ್ಲವೆಂದೇ ಹೇಳಬೇಕು. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು, ಹೊಸ ಜಾಗದಲ್ಲಿ ಮಲಗಿದವರ ಮಿದುಳನ್ನು ಪರೀಕ್ಷಿಸಿದರು. ಮೊದಲ ರಾತ್ರಿಯ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ಮಲಗಿರಲಿಲ್ಲ. ಅಪರಿಚಿತ ಸದ್ದಿಗೆ ಬೇಗ ಓಗೊಡುತ್ತಿತ್ತು. ಮಿದುಳಿನ ಅರ್ಧವನ್ನೇ ಮಲಗಿಸಿ ಈಜುವ ಡಾಲ್ಫಿನ್ನಿನಂತೆ, ನಮ್ಮಲ್ಲೂ ಒಂದು ಪಾಲು ಕಾವಲು ಕೂರುತ್ತದೆ ಎನ್ನೋಣ. ಅವರೇ ಅದೇ ಜಾಗಕ್ಕೆ ಇನ್ನೊಮ್ಮೆ ಬಂದು ಮಲಗಿದಾಗ ಆ ವ್ಯತ್ಯಾಸ ಕಾಣಲಿಲ್ಲ. ನಿದ್ದೆಗೆಟ್ಟವನಿಗೆ ಮರುದಿನ ಹಾರ್ನ್ ಇನ್ನಷ್ಟು ಕರ್ಕಶ, ಜಂಗುಳಿ ಇನ್ನಷ್ಟು ದಟ್ಟ. ಅಂಥ ಹೊತ್ತಿನಲ್ಲೇ ಹಿರಿಯರು ಒಂದೇ ದಿನಕ್ಕೆ ಗೇಟ್‌ವೇ, ವಸ್ತುಸಂಗ್ರಹಾಲಯ, ರಾಣಿಬಾಗ್ ಮೂರನ್ನೂ ಮುಗಿಸಲು ಹೊರಡುತ್ತಾರೆ. (ಮುಗಿಸುವುದೆಂಬ ಮಾತೇ ವಿಚಿತ್ರ.)

ಸೋದರಮಾವನೂ ಒಂದು ಕಾಲಕ್ಕೆ ಹಾಗೆಯೇ ಬಂದವರು. ಮೂರನೆಯ ದಿನ ಅವರು ಹುಡುಗನನ್ನು ಎಲ್ಲಿಗೂ ಎಳೆಯಲಿಲ್ಲ. ಬೆಳಿಗ್ಗೆ ಹತ್ತಿರದ ಫೈವ್ ಗಾರ್ಡನ್ಸ್‌ನ ಮರಗಳ ನೆರಳಲ್ಲಿ ಸುಮ್ಮನೆ ಕುಳಿತರು. ಮಧ್ಯಾಹ್ನ ಮಾಟುಂಗ ನಿಲ್ದಾಣದ ಬಳಿ, 1942ರಿಂದ ನಡೆದು ಬಂದಿರುವ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ. ಹುಡುಗ ಸಾರು ಎರಡು ಸಲ ಹಾಕಿಸಿಕೊಂಡ.

ಸಂಜೆ ಹಾಜಿ ಅಲಿ. ದಡದಿಂದ ದರ್ಗಾಕ್ಕೆ ಸಮುದ್ರದ ನಡುವೆ ಒಂದು ಕಾಲುದಾರಿ. ಇಳಿತದಲ್ಲಿ ಜನ ಅದರ ಮೇಲೆ ನಡೆಯುತ್ತಾರೆ. ಉಬ್ಬರ ಜೋರಾದಾಗ ದಾರಿಯೇ ಮುಳುಗುತ್ತದೆ. ಇವರು ಹೋದಾಗ ನೀರು ಏರಿ ದಾರಿ ಮುಚ್ಚುತ್ತಿತ್ತು. ಅರ್ಧ ನಿಮಿಷಕ್ಕೂ ಕಾಯದ ಆ ಊರಿನ ಜನ ಅಲ್ಲಿ ಗಡಿಬಿಡಿಯಿಲ್ಲದೆ ನಿಂತಿದ್ದರು. ಹುಡುಗ ಬಂದ ಮೇಲೆ ಮೊದಲ ಬಾರಿಗೆ ತಾನಾಗಿ ಮಾತಾಡಿದ: ‘ನಮ್ಮಲ್ಲಿ ನೀರು ಇಷ್ಟು ಏರುವುದಿಲ್ಲ.’

ಅವನು ಕಂಡದ್ದು ಸರಿ. ಅದೇ ಅರಬ್ಬೀ ಸಮುದ್ರವಾದರೂ ಕರಾವಳಿಯಲ್ಲಿ ಉತ್ತರಕ್ಕೆ ಹೋದಂತೆ ಉಬ್ಬರವಿಳಿತದ ಅಂತರ ಹೆಚ್ಚುತ್ತದೆ. ಕರ್ನಾಟಕದ ತೀರದಲ್ಲಿ ಅದು ಸುಮಾರು ಎರಡು ಮೀಟರಿನೊಳಗೆ. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನಾಲ್ಕು ಮೀಟರನ್ನೂ ದಾಟುವುದುಂಟು. ಅಗಲವಾದ ಭೂಖಂಡದ ಅಂಚು ಅಲ್ಲಿ ಆಳವಿಲ್ಲದೆ ಹರಡಿರುವುದು ಇದಕ್ಕೆ ಮುಖ್ಯ ಕಾರಣ. ಚಂದ್ರನ ದಿನ 24 ಗಂಟೆ 50 ನಿಮಿಷದ್ದಾದ್ದರಿಂದ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ‘ಹಾಗಾದರೆ ನಾಳೆ ಇದೇ ಹೊತ್ತಿಗೆ ಬಂದರೆ ದಾಟಬಹುದೇ?’ ಎಂದು ಹುಡುಗ ಕೇಳಿದ. ಮಾವ ನಕ್ಕು, ಪತ್ರಿಕೆಯಲ್ಲಿ ವೇಳೆ ಹಾಕಿರುತ್ತಾರೆ, ನೀನೇ ನೋಡು ಎಂದರು.

ಮರುದಿನ ಬೆಳಿಗ್ಗೆ ಅವನನ್ನು ಎಬ್ಬಿಸಬೇಕಾಯಿತು. ಕಣ್ಣುಜ್ಜುತ್ತಾ ಬಂದವನು ಪತ್ರಿಕೆ ಬಿಡಿಸಿ ಉಬ್ಬರದ ವೇಳೆ ಹುಡುಕತೊಡಗಿದ. ಅಪ್ಪ ಬರೆದಿಟ್ಟ ಸ್ಥಳಗಳ ಪಟ್ಟಿ ಫ್ರಿಜ್ಜಿನ ಮೇಲೆಯೇ ಇತ್ತು; ಆ ದಿನ ಅದನ್ನು ಯಾರೂ ಕೇಳಲಿಲ್ಲ.