ಮ್ಯಾಚ್ ಇಲ್ಲದ ದಿನದ ಸ್ಟೇಡಿಯಂ

ಲಂಡನ್ನಿನ ಟಾಟನ್‌ಹ್ಯಾಮ್ ಸ್ಟೇಡಿಯಂಗೆ ಹೋದ ದಿನ ಮ್ಯಾಚ್ ಇರಲಿಲ್ಲ. ಆದರೂ ಜನವೋ ಜನ! ಕೆಲವರು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಛಾವಣಿ ಮೇಲೆ ನಡೀತಿದ್ರು, ಗ್ಯಾಲರಿ ಕೆಳಗೆ ಗೋ-ಕಾರ್ಟ್ ರೇಸು. 2019ರಲ್ಲಿ ತೆರೆದ ಈ ಸ್ಟೇಡಿಯಂನಲ್ಲಿ ಪ್ರೀಮಿಯರ್ ಲೀಗ್‌ನ ತವರು ಪಂದ್ಯಗಳು ಸೀಸನ್ನಿಗೆ ಬರೀ 19. ಉಳಿದ ದಿನಗಳೂ ದುಡೀಬೇಕಲ್ಲ? ಅದಕ್ಕೇ ಹುಲ್ಲಿನ ಅಂಗಳವನ್ನು ಮೂರು ತುಂಡು ಮಾಡಿ ದಕ್ಷಿಣದ ಗ್ಯಾಲರಿ ಅಡಿಗೆ ಸರಿಸಿಬಿಡ್ತಾರೆ. ಅದರ ಕೆಳಗಿರೋದು ಅಮೆರಿಕನ್ ಫುಟ್‌ಬಾಲ್‌ನ ಅಂಗಳ. ಸಂಗೀತ ಕಾರ್ಯಕ್ರಮ ನಡೆದರೂ ಹುಲ್ಲಿಗೆ ಏನೂ ಆಗಲ್ಲ. ಎಂಜಿನಿಯರ್ ಆದ ನನಗೆ ಕೈಮುಗಿಯೋಣ ಅನ್ನಿಸ್ತು.

ನಮ್ಮ ಟೂರ್‌ನಲ್ಲಿದ್ದ ಅಜ್ಜ ಒಬ್ಬರು ಮಾತ್ರ ಛಾವಣಿ ನೋಡಲಿಲ್ಲ, ಬಾರ್ ನೋಡಲಿಲ್ಲ. 2017ರಲ್ಲಿ ಕೆಡವಿದ ವೈಟ್ ಹಾರ್ಟ್ ಲೇನ್‌ನಲ್ಲಿ ಅಪ್ಪನ ಜೊತೆ ನಿಂತು ಆಟ ನೋಡ್ತಿದ್ದ ಜಾಗ ಎಲ್ಲಿರಬಹುದು ಅಂತ ಲೆಕ್ಕ ಹಾಕ್ತಿದ್ರು. ಅಷ್ಟರಲ್ಲಿ ಟೂರ್ ಅಂಗಡಿಗೆ ಬಂದು ಮುಗೀತು. ನಾನು ಒಂದು ಮಫ್ಲರ್ ಕೊಂಡೆ. ಅವರೂ ಕೊಂಡರು.